ಬೆಳಕಿಗಿಂತ ಮುಂಚೆ ಸುದ್ದಿ ಏಕೆ ತಲುಪಲಾರದು?

ಬೆಳಕಿಗಿಂತ ವೇಗವಾಗಿ ಏನೂ ಹೋಗಲಾರದು ಎಂಬುದನ್ನು ನಾವೆಲ್ಲ ಹೈಸ್ಕೂಲಿನಲ್ಲೇ ಕೇಳಿರುತ್ತೇವೆ. ಏಕೆ ಹೋಗಲಾರದು ಎಂದರೆ ಪಿಯುಸಿ ತರಗತಿಯಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ಶಕ್ತಿಯ ಲೆಕ್ಕದ್ದು. ಒಂದು ಕಣ ಬೆಳಕಿನ ವೇಗದ ಶೇ. 90ರಷ್ಟು ವೇಗದಲ್ಲಿ ಓಡುತ್ತಿದ್ದರೆ ಅದರ ಒಟ್ಟು ಶಕ್ತಿ, ಅದು ಸುಮ್ಮನೆ ನಿಂತಿದ್ದಾಗ ಇದ್ದುದರ ಸುಮಾರು 2.3 ಪಟ್ಟು ಇರುತ್ತದೆ, ವೇಗ ಶೇ. 99 ಆದಾಗ ಅದು 7 ಪಟ್ಟಾಗುತ್ತದೆ, ಶೇ. 99.9 ಆದಾಗ 22 ಪಟ್ಟನ್ನು ದಾಟುತ್ತದೆ, ಪೂರ್ತಿ ನೂರನ್ನು ಮುಟ್ಟಬೇಕಾದರೆ ಅನಂತವಾಗಬೇಕಾಗುತ್ತದೆ. ಇದು ಬರೀ ಕಾಗದದ ಮೇಲಿನ ಲೆಕ್ಕವೇನಲ್ಲ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ 27 ಕಿ.ಮೀ. ಸುತ್ತಳತೆಯ ಸುರಂಗದಲ್ಲಿ ಓಡುವ ಪ್ರೋಟಾನುಗಳ ವೇಗ ಬೆಳಕಿನ ವೇಗಕ್ಕಿಂತ ಸೆಕೆಂಡಿಗೆ ಸುಮಾರು 3 ಮೀಟರಿನಷ್ಟೇ ಕಡಿಮೆ. ಆ 3 ಮೀಟರಿನ ಕೊರತೆಯನ್ನು ತುಂಬಲು ಎಷ್ಟು ಶಕ್ತಿ ಸುರಿದರೂ ಸಾಲದು.

ಈ ಉತ್ತರ ಸರಿಯೇ, ಆದರೆ ಅರ್ಧ ಉತ್ತರ. ನಿಧಾನವಾಗಿರುವ ವಸ್ತುವನ್ನು ತಳ್ಳಿ ತಳ್ಳಿ ಬೆಳಕಿನ ವೇಗ ದಾಟಿಸಲಾಗದು ಎಂಬುದಷ್ಟೇ ಇದರಿಂದ ಸಿದ್ಧವಾಗುತ್ತದೆ. ಹುಟ್ಟುವಾಗಲೇ ಬೆಳಕಿಗಿಂತ ವೇಗವಾಗಿರುವ ಕಣವೊಂದು ಇರಬಾರದೇಕೆ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಆ ಪ್ರಶ್ನೆಯನ್ನು 1962ರಲ್ಲಿ ಗಂಭೀರವಾಗಿ ಎತ್ತಿದವರಲ್ಲಿ ಕೇರಳದ ಕೋಟ್ಟಯಂ ಜಿಲ್ಲೆಯಲ್ಲಿ ಹುಟ್ಟಿದ ಭೌತವಿಜ್ಞಾನಿ ಇ. ಸಿ. ಜಿ. ಸುದರ್ಶನ್ ಒಬ್ಬರು, ಬಿಲಾನಿಯುಕ್ ಮತ್ತು ದೇಶಪಾಂಡೆ ಅವರೊಡನೆ ಬರೆದ ಪ್ರಬಂಧದಲ್ಲಿ, ಅಂಥ ಕಣಗಳು ಎಂದೂ ಬೆಳಕಿನ ವೇಗಕ್ಕಿಂತ ಕೆಳಗೆ ಇಳಿಯದೆ ಇರುವುದಾದರೆ ಶಕ್ತಿಯ ಸಮೀಕರಣಗಳು ಅವನ್ನು ತಡೆಯುವುದಿಲ್ಲ ಎಂದು ಅವರು ತೋರಿಸಿದರು. ಮುಂದೆ ಅವುಗಳಿಗೆ ಟ್ಯಾಕಿಯಾನ್ ಎಂಬ ಹೆಸರು ಬಂತು. ಹುಡುಕಿದವರಿಗೆ ಇದುವರೆಗೆ ಒಂದೂ ಸಿಕ್ಕಿಲ್ಲ. ಆದರೂ ಸುದರ್ಶನ್ ಅವರ ಪ್ರಶ್ನೆ ಒಂದು ವಿಷಯವನ್ನು ಖಚಿತಪಡಿಸಿತು: ಬೆಳಕಿನ ವೇಗದ ಮಿತಿಗೆ ನಿಜವಾದ ಆಧಾರ ಶಕ್ತಿಯ ಕೊರತೆಗಿಂತ ಆಳದಲ್ಲಿ ಎಲ್ಲೋ ಇರಬೇಕು.

ಅದನ್ನು ಹುಡುಕುವ ಮೊದಲು, ಮಿತಿ ಇರುವುದು ಯಾವುದಕ್ಕೆ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಏಕೆಂದರೆ ಬೆಳಕಿಗಿಂತ ವೇಗವಾಗಿ ಚಲಿಸುವ ಸಂಗತಿಗಳು ನಿಜಕ್ಕೂ ಇವೆ.

ಉಡುಪಿ ಜಿಲ್ಲೆಯ ಕಾಪುವಿನಲ್ಲಿ, ಕಡಲಂಚಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವಿದೆ. ಅಂಥ ದೀಪಸ್ತಂಭವೊಂದರ ದೀಪ 5 ಸೆಕೆಂಡಿಗೆ ಒಂದು ಸುತ್ತು ತಿರುಗುತ್ತದೆ ಎಂದೂ, ಅದರ ಬೆಳಕಿನ ಕೋಲು ಚಂದ್ರನವರೆಗೆ ಮುಟ್ಟುವಷ್ಟು ಪ್ರಖರವಾಗಿದೆ ಎಂದೂ ಇಟ್ಟುಕೊಳ್ಳೋಣ. ಚಂದ್ರ ಇರುವುದು ಸುಮಾರು 3,84,000 ಕಿ.ಮೀ. ದೂರದಲ್ಲಿ. ಆ ದೂರದಲ್ಲಿ ಬೆಳಕಿನ ಮಚ್ಚೆ ಒಂದು ಸುತ್ತಿಗೆ ಸುಮಾರು 24 ಲಕ್ಷ ಕಿ.ಮೀ. ಸಾಗಬೇಕು, 5 ಸೆಕೆಂಡಿನಲ್ಲಿ ಅಷ್ಟು ದೂರವೆಂದರೆ ಸೆಕೆಂಡಿಗೆ 4.8 ಲಕ್ಷ ಕಿ.ಮೀ. ಬೆಳಕಿನ ವೇಗವೋ ಸೆಕೆಂಡಿಗೆ 2,99,792.458 ಕಿ.ಮೀ., ಅಂದರೆ 3 ಲಕ್ಷಕ್ಕೆ ತುಸು ಕಡಿಮೆ. ಚಂದ್ರನ ಮೇಲೆ ಹಾದುಹೋಗುವಾಗ ಆ ಮಚ್ಚೆ ಬೆಳಕಿನ ಒಂದೂವರೆ ಪಟ್ಟಿಗೂ ಹೆಚ್ಚು ವೇಗದಲ್ಲಿ ಓಡುತ್ತದೆ. ಇದರಲ್ಲಿ ಯಾವ ನಿಯಮವೂ ಮುರಿಯಲಿಲ್ಲ.

ಏಕೆ ಮುರಿಯಲಿಲ್ಲ ಎಂಬುದರಲ್ಲೇ ವಿಷಯದ ತಿರುಳಿದೆ. ಚಂದ್ರನ ಎಡ ಅಂಚಿನಲ್ಲಿ ಒಬ್ಬರು, ಬಲ ಅಂಚಿನಲ್ಲಿ ಇನ್ನೊಬ್ಬರು ಇದ್ದಾರೆ, ಮಚ್ಚೆ ಎಡದಿಂದ ಬಲಕ್ಕೆ ಹಾಯುತ್ತಿದೆ. ಎಡದವರು ಆ ಮಚ್ಚೆಯ ಮೇಲೆ ಒಂದು ಗುರುತು ಹಾಕಿ ಬಲದವರಿಗೆ ಕಳುಹಿಸಬಲ್ಲರೇ? ಸಾಧ್ಯವಿಲ್ಲ. ಎಡದವರು ಕೈಯನ್ನೋ ಕನ್ನಡಿಯನ್ನೋ ಅಡ್ಡ ಹಿಡಿದರೂ ಅವರ ಮೇಲೆ ಬಿದ್ದ ಬೆಳಕಿಗೆ ಮಾತ್ರ ತಡೆಯಾಗುತ್ತದೆ. ಬಲದವರ ಮೇಲೆ ಬೀಳಬೇಕಾದ ಬೆಳಕು ಬೇರೆಯೇ, ಅದು ಅಷ್ಟರಲ್ಲಾಗಲೇ ಕಾಪುವಿನಿಂದ ಹೊರಟು ದಾರಿಯಲ್ಲಿದೆ, ಎಡದಲ್ಲಿ ಏನು ನಡೆಯಿತೆಂಬುದು ಅದಕ್ಕೆ ಗೊತ್ತಿಲ್ಲ. ಕಾಪುವಿನಲ್ಲಿ ದೀಪದ ಬಳಿ ನಿಂತವರು ಇಬ್ಬರಿಗೂ ಸುದ್ದಿ ಕಳುಹಿಸಬಲ್ಲರು, ಆದರೆ ಆ ಸುದ್ದಿ ಬೆಳಕಿನ ವೇಗದಲ್ಲೇ 1.28 ಸೆಕೆಂಡು ಪಯಣಿಸಿ ಚಂದ್ರನನ್ನು ಮುಟ್ಟುತ್ತದೆ. ಮಚ್ಚೆ ಒಂದೇ ವಸ್ತುವಿನಂತೆ ಕಂಡರೂ ಅದು ಕ್ಷಣಕ್ಷಣಕ್ಕೂ ಬೇರೆ ಬೇರೆ ಬೆಳಕಿನಿಂದ ಆದದ್ದು.

ಹಾಗಾದರೆ ಮಾಹಿತಿ ಎಂದರೇನು? ಒಂದು ತುದಿಯಲ್ಲಿರುವವರು ತಮ್ಮ ಇಚ್ಛೆಯಂತೆ ಮಾಡಬಹುದಾದ ಒಂದು ವ್ಯತ್ಯಾಸ, ಇನ್ನೊಂದು ತುದಿಯಲ್ಲಿರುವವರು ಅದನ್ನು ನೋಡಿ ಗುರುತಿಸಬಹುದಾದದ್ದು. ಹೌದು ಅಥವಾ ಇಲ್ಲ ಎಂಬಷ್ಟೇ ಸಾಕು. ಇಲ್ಲಿ ಮಾಡಿದ ಆಯ್ಕೆ ಅಲ್ಲಿ ಪರಿಣಾಮ ಬೀರಬೇಕು; ಇದನ್ನೇ ಕಾರಣ ಮತ್ತು ಕಾರ್ಯದ ಸಂಬಂಧ ಎನ್ನುವುದು. ಮಿತಿ ಇರುವುದು ಈ ಸಂಬಂಧಕ್ಕೆ.

ಇದು ಎಷ್ಟು ವಾಸ್ತವವಾದ ಮಿತಿ ಎಂಬುದನ್ನು 2014ರ ಸೆಪ್ಟೆಂಬರ್ 24ರ ಬೆಳಗ್ಗೆ ನಾವು ಕಂಡಿದ್ದೇವೆ. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ಹೆಸರನ್ನು ಈಗ ಹೊತ್ತಿರುವ ಬೆಂಗಳೂರಿನ ಉಪಗ್ರಹ ಕೇಂದ್ರದಲ್ಲಿ ಸಿದ್ಧವಾದ ಮಂಗಳಯಾನ, ಅಂದು ಮಂಗಳ ಗ್ರಹದ ಕಕ್ಷೆಯನ್ನು ಸೇರಬೇಕಿತ್ತು. ಅದಕ್ಕಾಗಿ ಅದರ ಎಂಜಿನ್ ಸುಮಾರು 24 ನಿಮಿಷ ಉರಿಯಬೇಕಿತ್ತು. ಆಗ ನೌಕೆ ಇದ್ದ ದೂರದಿಂದ ರೇಡಿಯೊ ಸಂಕೇತ ಭೂಮಿಗೆ ಬರಲು ಸುಮಾರು 12 ನಿಮಿಷ ಹಿಡಿಯುತ್ತಿತ್ತು. ಎಂಜಿನ್ ಹೊತ್ತಿಕೊಂಡಿತೆಂಬ ಸುದ್ದಿ ಬೆಂಗಳೂರಿಗೆ ಮುಟ್ಟುವಷ್ಟರಲ್ಲಿ ಅಲ್ಲಿ ಅರ್ಧ ಕೆಲಸ ಮುಗಿದಿರುತ್ತದೆ. ಏನಾದರೂ ತೊಂದರೆ ಕಂಡು ಇಲ್ಲಿಂದ ಆದೇಶ ಕಳುಹಿಸಿದರೆ ಅದು ಅಲ್ಲಿಗೆ ಹೋಗಿ ಸೇರುವಾಗ ಎಲ್ಲವೂ ಮುಗಿದಿರುತ್ತದೆ. ಹಾಗಾಗಿ ಎಲ್ಲ ಆದೇಶಗಳನ್ನೂ ನೌಕೆಯ ಕಂಪ್ಯೂಟರಿಗೆ ದಿನಗಳ ಮುಂಚೆಯೇ ತುಂಬಿ ಇಡಲಾಗಿತ್ತು. ಆ ಕೋಣೆಯಲ್ಲಿದ್ದ ಎಂಜಿನಿಯರುಗಳು ಎಷ್ಟು ನುರಿತವರಾಗಿದ್ದರೂ, ಅವರ ಉಪಕರಣ ಎಷ್ಟೇ ಉತ್ತಮವಾಗಿದ್ದರೂ, ಆ 12 ನಿಮಿಷದಲ್ಲಿ ಒಂದು ಸೆಕೆಂಡನ್ನೂ ಉಳಿಸಲು ದಾರಿ ಇರಲಿಲ್ಲ.

ಈಗ ಆಳಕ್ಕೆ ಇಳಿಯೋಣ. 1860ರ ದಶಕದಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ವಿದ್ಯುತ್ತು ಮತ್ತು ಕಾಂತತೆಯ ಸಮೀಕರಣಗಳನ್ನು ಬರೆದಾಗ, ಅವುಗಳೊಳಗಿನಿಂದ ಒಂದು ಅಲೆಯ ವೇಗ ತಾನಾಗಿ ಹೊರಬಂತು, ಅದು ಬೆಳಕಿನ ವೇಗಕ್ಕೆ ಸಮವಾಗಿತ್ತು. ತೊಡಕು ಏನೆಂದರೆ, ಈ ವೇಗ ಯಾರಿಗೆ ಹೋಲಿಸಿದ್ದು ಎಂಬುದನ್ನು ಸಮೀಕರಣ ಹೇಳುವುದಿಲ್ಲ. ಭೂಮಿಯ ಚಲನೆಯಿಂದ ಬೆಳಕಿನ ವೇಗದಲ್ಲಿ ವ್ಯತ್ಯಾಸ ಕಾಣಬೇಕೆಂದು 1887ರಲ್ಲಿ ಮೈಕೆಲ್ಸನ್ ಮತ್ತು ಮಾರ್ಲಿ ಬಹಳ ಸೂಕ್ಷ್ಮವಾಗಿ ಅಳೆದು ನೋಡಿದರು. ನಿರೀಕ್ಷಿಸಿದ ವ್ಯತ್ಯಾಸ ಕಾಣಲಿಲ್ಲ. 1905ರಲ್ಲಿ, ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿದ್ದ 26 ವರ್ಷದ ಆಲ್ಬರ್ಟ್ ಐನ್‌ಸ್ಟೈನ್ ಇದನ್ನು ಹಾಗೆಯೇ ಒಪ್ಪಿಕೊಂಡು ಮುಂದುವರಿದರು: ಸಮವೇಗದಲ್ಲಿ ಚಲಿಸುವ ಎಲ್ಲರಿಗೂ ಭೌತ ನಿಯಮಗಳು ಒಂದೇ, ಎಲ್ಲರಿಗೂ ಬೆಳಕಿನ ವೇಗವೂ ಒಂದೇ. ಈ ಎರಡು ಮಾತುಗಳನ್ನು ಒಟ್ಟಿಗೆ ಒಪ್ಪಿದರೆ ಬಿಟ್ಟುಕೊಡಬೇಕಾದದ್ದು ನಾವು ಎಂದೂ ಅನುಮಾನಿಸದ ಒಂದು ನಂಬಿಕೆಯನ್ನು, ಅಂದರೆ ‘ಈಗ’ ಎಂಬುದು ಎಲ್ಲ ಕಡೆಯೂ ಎಲ್ಲರಿಗೂ ಒಂದೇ ಎಂಬ ನಂಬಿಕೆಯನ್ನು.

ಕೊಂಕಣ ರೈಲು ಮಾರ್ಗದ ಮೂಲ್ಕಿ ನಿಲ್ದಾಣದಲ್ಲಿ ಒಬ್ಬರು ನಿಂತಿದ್ದಾರೆ, ಉಡುಪಿ ಕಡೆಗೆ ಹೋಗುವ ಉದ್ದದ ರೈಲೊಂದು ನಿಲ್ಲದೆ ಹಾದುಹೋಗುತ್ತಿದೆ. ರೈಲಿನ ನಡುಭಾಗ ಅವರ ಎದುರಿಗೆ ಬಂದ ಕ್ಷಣದಲ್ಲೇ ಎಂಜಿನ್ನಿಗೂ ಕೊನೆಯ ಬೋಗಿಗೂ ಸಿಡಿಲು ಬಡಿಯುತ್ತದೆ. ಎರಡೂ ಕಡೆಯ ಬೆಳಕು ಸಮಾನ ದೂರ ಸಾಗಿ ಪ್ಲ್ಯಾಟ್‌ಫಾರ್ಮಿನಲ್ಲಿ ನಿಂತವರನ್ನು ಒಟ್ಟಿಗೆ ಮುಟ್ಟುತ್ತದೆ. ಎರಡು ಸಿಡಿಲುಗಳೂ ಒಂದೇ ಹೊತ್ತಿಗೆ ಬಡಿದವು ಎಂದು ಅವರು ಹೇಳುತ್ತಾರೆ. ರೈಲಿನ ನಡುವಿನ ಬೋಗಿಯಲ್ಲಿ ಕುಳಿತವರು ಅಷ್ಟರಲ್ಲಿ ತುಸು ಮುಂದೆ ಸರಿದಿರುತ್ತಾರೆ, ಎಂಜಿನ್ ಕಡೆಯ ಬೆಳಕು ಅವರಿಗೆ ಮೊದಲು ಸಿಗುತ್ತದೆ. ಅವರೂ ಎರಡು ತುದಿಗಳಿಂದ ಸಮಾನ ದೂರದಲ್ಲಿದ್ದಾರೆ, ಅವರಿಗೂ ಬೆಳಕಿನ ವೇಗ ಎರಡು ಕಡೆಯಿಂದಲೂ ಒಂದೇ. ಆದ್ದರಿಂದ ಎಂಜಿನ್ನಿಗೆ ಬಡಿದ ಸಿಡಿಲೇ ಮೊದಲಿನದು ಎಂದು ಅವರು ತೀರ್ಮಾನಿಸಬೇಕಾಗುತ್ತದೆ. ಇದು ಕಣ್ಣಿನ ಭ್ರಮೆಯಲ್ಲ. ಇಬ್ಬರ ಲೆಕ್ಕವೂ ಸರಿ. ದೂರದೂರದಲ್ಲಿ ನಡೆದ ಎರಡು ಘಟನೆಗಳಲ್ಲಿ ಯಾವುದು ಮೊದಲು ಎಂಬುದು, ಅವುಗಳ ನಡುವೆ ಬೆಳಕು ಹೋಗಿ ಮುಟ್ಟಲು ಸಮಯ ಸಾಲದಿದ್ದಾಗ, ನೋಡುವವರ ಚಲನೆಯನ್ನು ಅವಲಂಬಿಸುತ್ತದೆ.

ಕೊನೆಯ ವಾಕ್ಯದ ನಡುವಿನ ಷರತ್ತನ್ನು ಓದುಗರು ಇನ್ನೊಮ್ಮೆ ಗಮನಿಸಬೇಕೆಂದು ನನ್ನ ವಿನಂತಿ. ಒಂದು ಘಟನೆಯಿಂದ ಇನ್ನೊಂದಕ್ಕೆ ಬೆಳಕಾಗಲಿ, ಅದಕ್ಕಿಂತ ನಿಧಾನವಾದ ಯಾವುದೇ ಆಗಲಿ ಹೋಗಿ ಸೇರಲು ಸಮಯವಿದ್ದರೆ, ಅವುಗಳ ಕ್ರಮದ ಬಗ್ಗೆ ಯಾರಿಗೂ ತಕರಾರಿಲ್ಲ. ಎಷ್ಟೇ ವೇಗದಲ್ಲಿ ಚಲಿಸುವವರೂ ಮೊದಲಿನದನ್ನು ಮೊದಲಿನದೆಂದೇ ಕಾಣುತ್ತಾರೆ. ಮಂಗಳೂರಿನಲ್ಲಿ ಹಚ್ಚಿದ ದೀಪದ ಬೆಳಕು ಉಡುಪಿಯಲ್ಲಿ ಕಾಣುವುದು ದೀಪ ಹಚ್ಚಿದ ಮೇಲೆಯೇ, ಎಲ್ಲರ ಲೆಕ್ಕದಲ್ಲೂ. ಬೆಳಕೂ ಹೋಗಿ ಮುಟ್ಟಲಾಗದಷ್ಟು ದೂರ ಮತ್ತು ಅಷ್ಟು ಕಡಿಮೆ ಸಮಯ ಇರುವ ಜೋಡಿ ಘಟನೆಗಳಲ್ಲಿ ಮಾತ್ರ ಕ್ರಮ ಅದಲುಬದಲಾಗುತ್ತದೆ. ಅಂಥ ಜೋಡಿಗಳ ನಡುವೆ ಯಾವ ಸುದ್ದಿಯೂ ಹೋಗುವುದಿಲ್ಲವಾದರೆ ಈ ಅದಲುಬದಲಿನಿಂದ ಯಾರಿಗೂ ಹಾನಿಯಿಲ್ಲ. ಸುದ್ದಿ ಹೋಗುವುದಾದರೆ? ಆಗ ಕಳುಹಿಸಿದ್ದು ಮತ್ತು ತಲುಪಿದ್ದು ಎಂಬುದೇ ಕೆಲವರ ಪಾಲಿಗೆ ತಿರುಗುಮುರುಗಾಗುತ್ತದೆ.

ಇದನ್ನು ಅಂಕಿಗಳಲ್ಲೇ ನೋಡಬೇಕು, ಇಲ್ಲದಿದ್ದರೆ ನಂಬಿಕೆ ಬರುವುದಿಲ್ಲ. ಪೆನ್ನು ಹಿಡಿದು ಕುಳಿತರೆ ಹೈಸ್ಕೂಲಿನ ಗಣಿತ ಸಾಕು.

ಅಂತರಿಕ್ಷ ನೌಕೆಯೊಂದು ಭೂಮಿಯ ಪಕ್ಕದಿಂದ ಬೆಳಕಿನ ವೇಗದ ಶೇ. 60ರಷ್ಟು ವೇಗದಲ್ಲಿ ಹಾದುಹೋಗುತ್ತದೆ. ಆ ಕ್ಷಣದಲ್ಲಿ ಮಂಗಳೂರಿನ ಗಡಿಯಾರವನ್ನೂ ನೌಕೆಯ ಗಡಿಯಾರವನ್ನೂ ಸೊನ್ನೆಗೆ ಇಡಲಾಗುತ್ತದೆ. ಈ ವೇಗದಲ್ಲಿ, ಐನ್‌ಸ್ಟೈನರ ಆ ಎರಡು ಮಾತುಗಳ ಮೇಲೆ ನಿಂತ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ, ಒಬ್ಬರ ಗಡಿಯಾರ ಇನ್ನೊಬ್ಬರ ಲೆಕ್ಕದಲ್ಲಿ 1.25 ಪಟ್ಟು ನಿಧಾನವಾಗಿ ನಡೆಯುತ್ತದೆ, ಮತ್ತು ಇದು ಎರಡೂ ಕಡೆಗೆ ಸಮಾನವಾಗಿ ಅನ್ವಯಿಸುತ್ತದೆ: ನೌಕೆಯಲ್ಲಿರುವವರ ದೃಷ್ಟಿಯಲ್ಲಿ ಅವರು ನಿಂತೇ ಇದ್ದಾರೆ, ಓಡುತ್ತಿರುವುದು ಭೂಮಿ.

ಮೊದಲು ಸಾಮಾನ್ಯ ರೇಡಿಯೊದ ಲೆಕ್ಕ ನೋಡೋಣ. ಮಂಗಳೂರಿನ ಗಡಿಯಾರದಲ್ಲಿ 100 ನಿಮಿಷ ಆದಾಗ ಇಲ್ಲಿಂದ ಒಂದು ಪ್ರಶ್ನೆ ಹೊರಡುತ್ತದೆ. ನೌಕೆ ಮುಂದೆ ಓಡುತ್ತಲೇ ಇರುವುದರಿಂದ ಪ್ರಶ್ನೆ ಅದನ್ನು ಹಿಡಿಯುವುದು ಇಲ್ಲಿನ ಲೆಕ್ಕದ 250ನೇ ನಿಮಿಷಕ್ಕೆ. ಅಲ್ಲಿಂದ ಕೂಡಲೇ ಹೊರಟ ಉತ್ತರ ಮಂಗಳೂರಿಗೆ ಬರುವುದು 400ನೇ ನಿಮಿಷಕ್ಕೆ. ಕಾಯುವುದು ಬೇಸರ ತರಬಹುದು, ಆದರೆ ಕ್ರಮದಲ್ಲಿ ಏನೂ ಲೋಪವಿಲ್ಲ.

ಈಗ ಇಬ್ಬರ ಬಳಿಯೂ, ಸಂದೇಶವನ್ನು ಒಂದು ಕ್ಷಣವೂ ತಡವಾಗದಂತೆ ಮುಟ್ಟಿಸುವ ಉಪಕರಣ ಇದೆಯೆಂದುಕೊಳ್ಳೋಣ. 100ನೇ ನಿಮಿಷದಲ್ಲಿ ಮಂಗಳೂರಿನಿಂದ ಹೊರಟ ಪ್ರಶ್ನೆ ‘ಆಗಲೇ’ ನೌಕೆಯನ್ನು ಮುಟ್ಟುತ್ತದೆ. ಮಂಗಳೂರಿನ ಲೆಕ್ಕದಲ್ಲಿ ಆಗ ನೌಕೆಯ ಗಡಿಯಾರ ತೋರಿಸಬೇಕಾದದ್ದು 100ನ್ನು 1.25ರಿಂದ ಭಾಗಿಸಿದಷ್ಟು, ಅಂದರೆ 80 ನಿಮಿಷ. ನೌಕೆಯವರು ತಮ್ಮ 80ನೇ ನಿಮಿಷದಲ್ಲಿ ಪ್ರಶ್ನೆ ಓದಿ, ತಮ್ಮ ಬಳಿಯ ಅಂಥದೇ ಉಪಕರಣದಿಂದ ಕೂಡಲೇ ಉತ್ತರಿಸುತ್ತಾರೆ. ಆದರೆ ಅವರ ‘ಆಗಲೇ’ ಬೇರೆ. ಅವರ ಲೆಕ್ಕದಲ್ಲಿ ನಿಧಾನವಾಗಿರುವುದು ಮಂಗಳೂರಿನ ಗಡಿಯಾರ. ತಮ್ಮಲ್ಲಿ 80 ಆದಾಗ ಮಂಗಳೂರಿನಲ್ಲಿ 80ನ್ನು 1.25ರಿಂದ ಭಾಗಿಸಿದಷ್ಟು, ಅಂದರೆ 64 ನಿಮಿಷ. ಉತ್ತರ ಬಂದು ಬೀಳುವುದು ಮಂಗಳೂರಿನ 64ನೇ ನಿಮಿಷಕ್ಕೆ. ಪ್ರಶ್ನೆ ಹೊರಡಬೇಕಾದದ್ದು 100ಕ್ಕೆ. ಕೇಳುವ 36 ನಿಮಿಷ ಮೊದಲೇ ಉತ್ತರ ಕೈಯಲ್ಲಿದೆ.

ಉತ್ತರ ಓದಿದ ಮೇಲೆ ಪ್ರಶ್ನೆ ಕಳುಹಿಸುವುದೇ ಬೇಡ ಎಂದು ಮಂಗಳೂರಿನವರು ನಿರ್ಧರಿಸಿದರೆ ಏನಾಗುತ್ತದೆ? ಕಳುಹಿಸದ ಪ್ರಶ್ನೆಗೆ ಬಂದ ಉತ್ತರ ಎಲ್ಲಿಯದು? ಇದಕ್ಕೆ ಸಮಂಜಸವಾದ ಉತ್ತರ ಇಲ್ಲ. ಉಪಕರಣ ತತ್‌ಕ್ಷಣದ್ದೇ ಆಗಿರಬೇಕಾಗಿಯೂ ಇಲ್ಲ. ಅದು ಬೆಳಕಿಗಿಂತ ಕೂದಲೆಳೆಯಷ್ಟು ಹೆಚ್ಚು ವೇಗದ್ದಾದರೂ, ನೌಕೆಯ ವೇಗವನ್ನು ಬೆಳಕಿನ ವೇಗದ ಸಮೀಪಕ್ಕೆ ಸೂಕ್ತವಾಗಿ ಏರಿಸಿದರೆ ಇದೇ ವಿರೋಧಾಭಾಸ ಹುಟ್ಟುತ್ತದೆ. ಟ್ಯಾಕಿಯಾನುಗಳನ್ನು ಸಂದೇಶ ಕಳುಹಿಸಲು ಬಳಸುವ ಆಸೆ ಮುರಿದು ಬೀಳುವುದೂ ಇಲ್ಲಿಯೇ. ಬೆಳಕಿನ ವೇಗದ ಮಿತಿ ರಾಷ್ಟ್ರೀಯ ಹೆದ್ದಾರಿ 66ರ ಬದಿಯ ವೇಗಮಿತಿ ಫಲಕದಂಥದಲ್ಲ. ಫಲಕವನ್ನು ಮೀರಿ ಓಡಿಸಿದವರೂ ಉಡುಪಿಗೆ ಹೋಗಿ ಸೇರುತ್ತಾರೆ, ಈ ಮಿತಿಯನ್ನು ಮೀರಿದ ಸಂದೇಶಕ್ಕೆ ಮಾತ್ರ ಹೊರಟ ಹೊತ್ತು ಮತ್ತು ಸೇರಿದ ಹೊತ್ತು ಎಂಬ ಭೇದವೇ ಉಳಿಯುವುದಿಲ್ಲ.

ಈ ವಾದದಲ್ಲಿ ಒಂದು ಊಹೆ ಇದೆ, ಅದನ್ನು ಮುಚ್ಚಿಡಬಾರದು. ನೌಕೆಯವರ ‘ಆಗಲೇ’ಗೂ ಮಂಗಳೂರಿನವರ ‘ಆಗಲೇ’ಗೂ ಸಮಾನ ಸ್ಥಾನವಿದೆ ಎಂಬುದೇ ಆ ಊಹೆ. ವಿಶ್ವದಲ್ಲಿ ಎಲ್ಲೋ ಒಂದು ವಿಶೇಷವಾದ, ಇತರರಿಗಿಲ್ಲದ ಹಕ್ಕುಳ್ಳ ನಿಲುವು (ಅಳೆದು ನೋಡುವವರ ನೆಲೆ) ಇದ್ದು, ಅತಿವೇಗದ ಸಂದೇಶಗಳೆಲ್ಲ ಅದರ ಗಡಿಯಾರವನ್ನೇ ಅನುಸರಿಸುವುದಾದರೆ ವಿರೋಧಾಭಾಸವನ್ನು ತಪ್ಪಿಸಬಹುದು. ಸಾಪೇಕ್ಷತೆ, ಕಾರ್ಯಕಾರಣ ಸಂಬಂಧ, ಬೆಳಕನ್ನು ಮೀರಿದ ಸಂದೇಶ, ಈ ಮೂರರಲ್ಲಿ ಎರಡನ್ನು ಮಾತ್ರ ಇಟ್ಟುಕೊಳ್ಳಬಹುದು ಎಂಬುದು ಸರಿಯಾದ ಹೇಳಿಕೆ. ನಾವು ಮೊದಲ ಎರಡನ್ನು ಇಟ್ಟುಕೊಂಡಿರುವುದು ಪ್ರಯೋಗಗಳ ಬಲದಿಂದ. ಅಂಥ ವಿಶೇಷ ನಿಲುವನ್ನು ಮೈಕೆಲ್ಸನ್ನರ ಕಾಲದಿಂದ ಇಂದಿನವರೆಗೆ ಹುಡುಕುತ್ತಲೇ ಬಂದಿದ್ದಾರೆ, ಅದರ ಸುಳಿವು ಸಿಕ್ಕಿಲ್ಲ.

ಗಡಿಯಾರ ನಿಧಾನವಾಗುವುದು ಪುಸ್ತಕದ ಮಾತಷ್ಟೇ ಎಂದುಕೊಳ್ಳುವವರು ಮಲ್ಪೆ ಬಂದರಿಗೆ ಹೋಗಿ ನೋಡಬಹುದು. ಆಳಸಮುದ್ರಕ್ಕೆ ಹೋಗುವ ಬೋಟುಗಳಲ್ಲಿ ಚುಕ್ಕಾಣಿಯ ಪಕ್ಕದಲ್ಲೇ ಜಿಪಿಎಸ್ ಪರದೆ ಇರುತ್ತದೆ. ಬಲೆ ಬಿಟ್ಟ ಜಾಗವನ್ನೂ ಬಲೆ ಹರಿಯುವ ಬಂಡೆಯ ಜಾಗವನ್ನೂ ಅದರಲ್ಲಿ ಗುರುತು ಹಾಕಿಟ್ಟುಕೊಂಡು ತಾಂಡೇಲರು (ಬೋಟು ನಡೆಸುವವರು) ದಾರಿ ನಿರ್ಧರಿಸುತ್ತಾರೆ. ಸುಮಾರು 20,200 ಕಿ.ಮೀ. ಎತ್ತರದಲ್ಲಿರುವ ಉಪಗ್ರಹಗಳಿಂದ ರೇಡಿಯೊ ಸಂಕೇತ ಬರಲು ಹಿಡಿದ ಹೊತ್ತನ್ನು ಬೆಳಕಿನ ವೇಗದಿಂದ ಗುಣಿಸಿ ಆ ಪರದೆ ಬೋಟಿನ ಸ್ಥಾನವನ್ನು ಲೆಕ್ಕ ಹಾಕುತ್ತದೆ. ಸಮಯದಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ, ಅಂದರೆ ಒಂದು ಮೈಕ್ರೊಸೆಕೆಂಡು ತಪ್ಪಿದರೆ ದೂರದಲ್ಲಿ 300 ಮೀಟರ್ ತಪ್ಪುತ್ತದೆ. ಉಪಗ್ರಹದ ವೇಗದಿಂದಾಗಿ ಅದರ ಗಡಿಯಾರ ದಿನಕ್ಕೆ ಸುಮಾರು 7 ಮೈಕ್ರೊಸೆಕೆಂಡು ಹಿಂದೆ ಬೀಳುತ್ತದೆ, ಮೇಲೆ ಗುರುತ್ವ ಕಡಿಮೆ ಇರುವುದರಿಂದ ಸುಮಾರು 45 ಮೈಕ್ರೊಸೆಕೆಂಡು ಮುಂದೆ ಹೋಗುತ್ತದೆ, ಒಟ್ಟಿನಲ್ಲಿ ದಿನಕ್ಕೆ 38ರಷ್ಟು ಮುಂದೆ. ಇದನ್ನು ಸರಿಪಡಿಸದೆ ಬಿಟ್ಟರೆ ದೂರದ ಲೆಕ್ಕದಲ್ಲಿ ದಿನಕ್ಕೆ 11 ಕಿ.ಮೀ.ಗಳಷ್ಟು ದೋಷ ಸೇರುತ್ತ ಹೋಗುತ್ತದೆ. ಸರಿಪಡಿಸಲಾಗುತ್ತಿದೆ, ಆದ್ದರಿಂದಲೇ ಬೋಟುಗಳು ಹಾಕಿಟ್ಟ ಗುರುತಿಗೇ ಮರಳುತ್ತವೆ.

ಇಷ್ಟಾದ ಮೇಲೂ ಮಿತಿಯನ್ನು ಮೀರುವ ಉಪಾಯಗಳನ್ನು ಜನ ಹುಡುಕುತ್ತಲೇ ಇರುತ್ತಾರೆ, ಹುಡುಕಬೇಕು ಕೂಡ. ವಿದ್ಯಾರ್ಥಿಗಳಿಗೆ ಮೊದಲು ಹೊಳೆಯುವುದು ಗಟ್ಟಿ ಸರಳಿನ ಉಪಾಯ: ಮಂಗಳೂರಿನಿಂದ ಉಡುಪಿಯವರೆಗೆ ಸುಮಾರು 60 ಕಿ.ಮೀ. ಉದ್ದದ ಉಕ್ಕಿನ ಸರಳನ್ನು ಹಾಸಿ, ಇಲ್ಲಿ ಒಂದು ಅಂಗುಲ ತಳ್ಳಿದರೆ ಅಲ್ಲಿ ಅದೇ ಕ್ಷಣಕ್ಕೆ ಒಂದು ಅಂಗುಲ ಸರಿಯಬೇಕಲ್ಲವೇ? ಸರಿಯುವುದಿಲ್ಲ. ಸರಳಿನಲ್ಲಿರುವ ಅಣುಗಳು ಒಂದನ್ನೊಂದು ವಿದ್ಯುತ್ ಬಲದಿಂದ ತಳ್ಳುತ್ತ ಆ ಒತ್ತಡವನ್ನು ಮುಂದಕ್ಕೆ ದಾಟಿಸಬೇಕು, ಅದು ಉಕ್ಕಿನಲ್ಲಿ ಶಬ್ದ ಸಾಗುವ ವೇಗದಲ್ಲಿ, ಸೆಕೆಂಡಿಗೆ ಸುಮಾರು 5 ಕಿ.ಮೀ.ನಂತೆ ಸಾಗುತ್ತದೆ. ಉಡುಪಿಯ ತುದಿ ಅಲುಗುವುದು ಸುಮಾರು 12 ಸೆಕೆಂಡಿನ ಬಳಿಕ. ಅಷ್ಟು ಹೊತ್ತಿನಲ್ಲಿ ಬೆಳಕು ಚಂದ್ರನಿಗೆ ನಾಲ್ಕು ಸಲ ಹೋಗಿ ಬರುತ್ತದೆ. ಪರಿಪೂರ್ಣವಾಗಿ ಗಟ್ಟಿಯಾದ ವಸ್ತು ಎಂಬುದು ನಿಸರ್ಗದಲ್ಲಿ ಇಲ್ಲ.

ಇದಕ್ಕಿಂತ ನಯವಾದ ಉಪಾಯ ಅಲೆಗಳದ್ದು. 2000ನೇ ಇಸವಿಯಲ್ಲಿ ಲಿಜುನ್ ವಾಂಗ್ ಮತ್ತು ಸಂಗಡಿಗರು ವಿಶೇಷವಾಗಿ ಸಿದ್ಧಪಡಿಸಿದ ಸೀಸಿಯಮ್ ಅನಿಲದ ಮೂಲಕ ಬೆಳಕಿನ ಮಿಡಿತವೊಂದನ್ನು ಹಾಯಿಸಿದಾಗ, ಮಿಡಿತದ ಶಿಖರವು ಒಳಹೋಗುವ ಮೊದಲೇ ಹೊರಬಂದಂತೆ ಕಂಡಿತು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಆದರೆ ಮಿಡಿತವು ಹಠಾತ್ತಾಗಿ ಎದ್ದ ಗೋಡೆಯಂತಿರಲಿಲ್ಲ, ನಿಧಾನವಾಗಿ ಏರಿ ಇಳಿಯುವ ಆಕಾರದ್ದು. ಅದರ ಮುಂದಿನ ಅಂಚು ಮೊದಲೇ ಅನಿಲವನ್ನು ಸೇರಿರುತ್ತದೆ, ಅನಿಲ ಆ ಅಂಚನ್ನೇ ಹಿಗ್ಗಿಸಿ ಶಿಖರದ ಆಕಾರವನ್ನು ಕಟ್ಟಿಕೊಡುತ್ತದೆ. ಹೊಸ ಸುದ್ದಿ ಎಂದರೆ ಮುಂಚೆ ಊಹಿಸಲಾಗದ ಬದಲಾವಣೆ. ಅಂಥ ಬದಲಾವಣೆಯ ಮೊತ್ತಮೊದಲ ಅಂಚು ಯಾವ ಮಾಧ್ಯಮದಲ್ಲೂ ನಿರ್ವಾತದ ಬೆಳಕಿನ ವೇಗವನ್ನು ಮೀರುವುದಿಲ್ಲ ಎಂಬುದನ್ನು ಸಾಮರ್‌ಫೆಲ್ಡ್ ಮತ್ತು ಬ್ರಿಲುವಾ 1914ರಲ್ಲೇ ಗಣಿತದಿಂದ ತೋರಿಸಿದ್ದರು.

ಅತ್ಯಂತ ಗಂಭೀರವಾದ ಸವಾಲು ಬಂದದ್ದು ಕ್ವಾಂಟಮ್ ಭೌತಶಾಸ್ತ್ರದಿಂದ, ಮತ್ತು ಇಲ್ಲಿ ತುಸು ಹೊತ್ತು ನಿಲ್ಲಲೇಬೇಕು, ಏಕೆಂದರೆ ಈ ವಿಷಯದ ಬಗ್ಗೆ ಹಬ್ಬಿರುವಷ್ಟು ತಪ್ಪು ತಿಳಿವಳಿಕೆ ಬೇರೆ ಯಾವುದರ ಬಗ್ಗೆಯೂ ಇಲ್ಲ. ಎರಡು ಫೋಟಾನುಗಳನ್ನು, ಅಂದರೆ ಬೆಳಕಿನ ಕಣಗಳನ್ನು, ಒಂದೇ ಮೂಲದಿಂದ ಹೆಣೆದುಕೊಂಡ ಸ್ಥಿತಿಯಲ್ಲಿ ಹೊರಡಿಸಬಹುದು. ಇದಕ್ಕೆ ಎಂಟ್ಯಾಂಗಲ್‌ಮೆಂಟ್ ಎನ್ನುತ್ತಾರೆ. ಒಂದು ಮಣಿಪಾಲಕ್ಕೆ, ಇನ್ನೊಂದು ಮಂಗಳೂರಿಗೆ ಹೋಯಿತೆನ್ನೋಣ. ಎರಡೂ ಕಡೆ ಒಂದೇ ಕೋನದಲ್ಲಿ ಇಟ್ಟ ಧ್ರುವೀಕರಣದ (ಬೆಳಕಿನ ಅಲೆ ಕಂಪಿಸುವ ದಿಕ್ಕಿನ) ಫಿಲ್ಟರುಗಳ ಮೂಲಕ ಹಾಯಿಸಿದರೆ, ಮಣಿಪಾಲದ್ದು ದಾಟಿದಾಗಲೆಲ್ಲ ಮಂಗಳೂರಿನದ್ದೂ ದಾಟುತ್ತದೆ, ಅಲ್ಲಿ ತಡೆಯಾದಾಗಲೆಲ್ಲ ಇಲ್ಲೂ ತಡೆಯಾಗುತ್ತದೆ. ಫಲಿತಾಂಶಗಳು ಹೊರಡುವಾಗಲೇ ಕಣದೊಳಗೆ ಬರೆದಿಟ್ಟಂತೆ ಇದ್ದವು ಎಂದು ಹೇಳಿ ಮುಗಿಸುವಂತಿಲ್ಲ. ಜಾನ್ ಬೆಲ್ 1964ರಲ್ಲಿ ಆ ವಿವರಣೆಯನ್ನು ಪರೀಕ್ಷಿಸುವ ದಾರಿ ತೋರಿಸಿದರು, ಆ ಪರೀಕ್ಷೆಗಳನ್ನು ನಡೆಸಿ ಅದನ್ನು ತಳ್ಳಿಹಾಕಿದ ಕ್ಲೌಸರ್, ಆಸ್ಪೆ ಮತ್ತು ಜೈಲಿಂಗರ್ ಅವರಿಗೆ 2022ರ ನೊಬೆಲ್ ಬಂತು. 2017ರಲ್ಲಿ ಚೀನಾದ ಉಪಗ್ರಹವೊಂದು ಇಂಥ ಜೋಡಿಗಳನ್ನು 1,200 ಕಿ.ಮೀ.ಗೂ ಹೆಚ್ಚು ಅಂತರದ ಎರಡು ಊರುಗಳಿಗೆ ಹಂಚಿತು. ಹೊಂದಾಣಿಕೆ ನಿಜ.

ಹಾಗಿದ್ದರೆ ಮಣಿಪಾಲದಿಂದ ಮಂಗಳೂರಿಗೆ ತತ್‌ಕ್ಷಣ ಸುದ್ದಿ ಕಳುಹಿಸಬಹುದೇ? ಮಂಗಳೂರಿನವರ ಕಣ್ಣಿಗೆ ಏನು ಕಾಣುತ್ತದೆ ಎಂಬುದನ್ನು ನೋಡಿ. ದಾಟಿತು, ತಡೆಯಾಯಿತು, ತಡೆಯಾಯಿತು, ದಾಟಿತು. ಅರ್ಧದಷ್ಟು ದಾಟುತ್ತವೆ, ಅರ್ಧದಷ್ಟು ಇಲ್ಲ, ಯಾವ ಕ್ರಮವೂ ಇಲ್ಲ. ಮಣಿಪಾಲದವರು ತಮ್ಮ ಫಿಲ್ಟರನ್ನು ಯಾವ ಕೋನಕ್ಕೆ ತಿರುಗಿಸಿದರೂ, ತೆಗೆದೇ ಹಾಕಿದರೂ, ಮಂಗಳೂರಿನಲ್ಲಿ ಕಾಣುವ ಅರ್ಧಕ್ಕರ್ಧ ಹಾಗೆಯೇ ಇರುತ್ತದೆ. ತಮ್ಮ ಫೋಟಾನು ದಾಟಬೇಕೋ ಬೇಡವೋ ಎಂಬುದು ಮಣಿಪಾಲದವರ ಕೈಯಲ್ಲೂ ಇಲ್ಲ. ಹೊಂದಾಣಿಕೆ ಗೋಚರಿಸುವುದು ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟಾಗ. ಒಂದು ಪಟ್ಟಿ ಇನ್ನೊಂದರ ಬಳಿಗೆ ಬರಲು ಫೋನೋ, ಮೇಲ್‌ ಸಂದೇಶವೋ, ಬಸ್ಸೋ ಬೇಕು. ಹಿಂದೆ ಹೇಳಿದ ಮಾಹಿತಿಯ ಲಕ್ಷಣವನ್ನು ಇಲ್ಲಿ ಇಟ್ಟು ನೋಡಿದರೆ, ಒಂದು ತುದಿಯ ಆಯ್ಕೆ ಇನ್ನೊಂದು ತುದಿಯಲ್ಲಿ ಓದಬಹುದಾದ ವ್ಯತ್ಯಾಸವನ್ನು ಉಂಟುಮಾಡುತ್ತಿಲ್ಲ.

ಇದನ್ನೂ ದಾಟುವ ಜಾಣ ಯೋಜನೆಯೊಂದನ್ನು 1980ರ ದಶಕದ ಆರಂಭದಲ್ಲಿ ನಿಕ್ ಹರ್ಬರ್ಟ್ ಎಂಬ ಅಮೆರಿಕದ ಭೌತವಿಜ್ಞಾನಿ ಮುಂದಿಟ್ಟರು. ಮಂಗಳೂರಿಗೆ ಬಂದ ಒಂದು ಫೋಟಾನಿನಿಂದ ಲೇಸರ್ ಸಾಧನದ ಮೂಲಕ ಅದರಂಥದೇ ಹಲವು ಪ್ರತಿಗಳನ್ನು ತೆಗೆದು, ಅವನ್ನು ಬೇರೆ ಬೇರೆ ಕೋನದಲ್ಲಿ ಪರೀಕ್ಷಿಸಿದರೆ, ಮಣಿಪಾಲದವರು ಯಾವ ಬಗೆಯ ಅಳತೆ ಮಾಡಿದರೆಂಬುದು ತಿಳಿಯುತ್ತದೆ ಎಂಬುದು ಅವರ ವಾದ. ತಪ್ಪು ಎಲ್ಲಿದೆ ಎಂಬುದು ಮೇಲ್ನೋಟಕ್ಕೆ ಕಾಣುವಂತಿರಲಿಲ್ಲ. ಅದನ್ನು ಹುಡುಕುವ ಯತ್ನದಲ್ಲೇ 1982ರಲ್ಲಿ ವೂಟರ್ಸ್ ಮತ್ತು ಜುರೆಕ್, ಹಾಗೂ ಪ್ರತ್ಯೇಕವಾಗಿ ಡೀಕ್ಸ್, ಒಂದು ಹೊಸ ಪ್ರಮೇಯವನ್ನು ಕಂಡುಕೊಂಡರು: ಅಪರಿಚಿತ ಕ್ವಾಂಟಮ್ ಸ್ಥಿತಿಯ ನಿಖರವಾದ ಪ್ರತಿಯನ್ನು ಯಾವ ಯಂತ್ರವೂ ತೆಗೆಯಲಾರದು. ಇಂದು ಕ್ವಾಂಟಮ್ ಗೂಢಲಿಪಿಗೆ ಭದ್ರತೆ ಕೊಡುವುದೂ ಇದೇ ಪ್ರಮೇಯ. ವಿಫಲವಾದ ಯೋಜನೆಯೊಂದು ಇಷ್ಟು ಫಲವತ್ತಾದ ನಿದರ್ಶನ ವಿಜ್ಞಾನದಲ್ಲಿ ವಿರಳವೆಂದೇ ನನ್ನ ಭಾವನೆ.

ವಿಶ್ವದ ಹಿಗ್ಗುವಿಕೆಯ ವಿಷಯವನ್ನು ಇಲ್ಲಿ ಚಿಕ್ಕದಾಗಿ ಹೇಳಿದರೆ ಸಾಕು. ಅತಿದೂರದ ಗ್ಯಾಲಕ್ಸಿಗಳು ನಮ್ಮಿಂದ ಬೆಳಕಿನ ವೇಗವನ್ನು ಮೀರಿ ದೂರವಾಗುತ್ತಿರುವುದು ಹೌದು. ಅದು ನಡುವಿನ ಆಕಾಶವೇ ಹಿಗ್ಗುವುದರಿಂದ ಆಗುವಂಥದು. ಯಾವ ಗ್ಯಾಲಕ್ಸಿಯೂ ತನ್ನ ನೆರೆಯ ಬೆಳಕಿನ ಕಿರಣವನ್ನು ಹಿಂದೆ ಹಾಕುವುದಿಲ್ಲ, ಹೀಗೆ ದೂರವಾಗುವುದರಿಂದ ಯಾರಿಗೂ ಯಾವ ಸುದ್ದಿಯೂ ಮುಂಚಿತವಾಗಿ ಸಿಗುವುದಿಲ್ಲ.

ಮಿತಿಯನ್ನು ಮೀರಿದಂತೆ ಕಂಡ ಪ್ರಯೋಗವೂ ಒಂದಿದೆ. 2011ರ ಸೆಪ್ಟೆಂಬರಿನಲ್ಲಿ ಒಪೆರಾ ಎಂಬ ಪ್ರಯೋಗದ ತಂಡದವರು, ಸರ್ನ್‌ನಿಂದ ಇಟಲಿಯ ಗ್ರಾನ್ ಸಾಸೊ ಪ್ರಯೋಗಾಲಯಕ್ಕೆ ಸುಮಾರು 730 ಕಿ.ಮೀ. ನೆಲದೊಳಗಿಂದ ಸಾಗಿದ ನ್ಯೂಟ್ರಿನೊ ಎಂಬ ಅತಿಸೂಕ್ಷ್ಮ ಕಣಗಳು ಬೆಳಕಿಗಿಂತ 60 ನ್ಯಾನೊಸೆಕೆಂಡು ಮುಂಚೆ ಬಂದವು ಎಂದು ಪ್ರಕಟಿಸಿದರು. ಅವರು ತಮ್ಮ ಲೆಕ್ಕವನ್ನು ಎಲ್ಲರ ಮುಂದಿಟ್ಟು, ದೋಷ ಹುಡುಕಿಕೊಡಿ ಎಂದು ಕೇಳಿಕೊಂಡದ್ದು ಮೆಚ್ಚಬೇಕಾದ ನಡೆ. ಕೆಲವು ತಿಂಗಳುಗಳಲ್ಲಿ ದೋಷ ಸಿಕ್ಕಿತು: ಜಿಪಿಎಸ್ ಸಮಯವನ್ನು ಕಂಪ್ಯೂಟರಿಗೆ ಒಯ್ಯುವ ಆಪ್ಟಿಕಲ್ ಫೈಬರ್ ಕೇಬಲ್ಲಿನ ಜೋಡಣೆ ಸರಿಯಾಗಿ ಬಿಗಿಯಾಗಿರಲಿಲ್ಲ. 2012ರ ಮರು ಅಳತೆಗಳಲ್ಲಿ ನ್ಯೂಟ್ರಿನೊಗಳ ವೇಗ ಬೆಳಕಿನ ವೇಗವನ್ನು ಮೀರಲಿಲ್ಲ.

ಇಷ್ಟರಲ್ಲಿ ಓದುಗರಿಗೆ ಒಂದು ಸಂಶಯ ಬಂದಿರಬಹುದು: ಕಾರಣ ಮತ್ತು ಕಾರ್ಯದ ಕ್ರಮವನ್ನು ಕಾಯುವ ಈ ವೇಗಕ್ಕೆ ಬೆಳಕಿನ ಹೆಸರೇ ಏಕೆ? ಬೆಳಕಿಗೆ ವಿಶೇಷ ಸ್ಥಾನವೇನೂ ಇಲ್ಲ. ನಿಶ್ಚಲ ದ್ರವ್ಯರಾಶಿ (ನಿಂತಿದ್ದಾಗಲೂ ಇರುವ ದ್ರವ್ಯರಾಶಿ) ಇಲ್ಲದ ಯಾವುದೇ ಆಗಲಿ ನಿರ್ವಾತದಲ್ಲಿ ಆ ಮಿತಿಯ ವೇಗದಲ್ಲೇ ಸಾಗಬೇಕು. ಬೆಳಕು ಅವುಗಳಲ್ಲಿ ನಾವು ಮೊದಲು ಅಳೆದದ್ದು, ಅಷ್ಟೇ. ನೀರು ಅಥವಾ ಗಾಜಿನೊಳಗೆ ಹೊಕ್ಕ ಬೆಳಕು ಈ ಮಿತಿಗಿಂತ ಬಹಳ ನಿಧಾನವಾಗುತ್ತದೆ. ಮಂಗಳೂರಿನಿಂದ ಸುಮಾರು 2,500 ಕಿ.ಮೀ. ದೂರದ ದುಬೈಯಲ್ಲಿರುವ ಮಕ್ಕಳೊಂದಿಗೆ ಮಾತಾಡುವಾಗ ನಮ್ಮ ದನಿಯನ್ನು ಒಯ್ಯುವ ಫೈಬರಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಮಾತ್ರ, ಕೇಬಲ್ಲು ನೇರವಾಗಿ ಹೋದರೂ ಒಂದು ಕಡೆಗೆ 12 ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಮಾತು ಮುಟ್ಟಲಾರದು. ಮಿತಿಯ ವೇಗ ಇದರಿಂದ ಬದಲಾಗುವುದಿಲ್ಲ.

ಬೆಳಕಿಗೆ ಸಂಬಂಧವೇ ಇಲ್ಲದ ಇನ್ನೊಂದು ಅಲೆಯಿಂದ ಇದರ ಪರೀಕ್ಷೆಯಾದದ್ದು 2017ರ ಆಗಸ್ಟ್ 17ರಂದು. ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿಯೊಂದರಲ್ಲಿ ಎರಡು ನ್ಯೂಟ್ರಾನ್ ತಾರೆಗಳು ಒಂದನ್ನೊಂದು ಸುತ್ತಿ ಢಿಕ್ಕಿಯಾದವು. ಅದರಿಂದ ಹೊರಟ ಗುರುತ್ವ ಅಲೆಗಳನ್ನು (ಆಕಾಶವೇ ಹಿಗ್ಗಿ ಕುಗ್ಗುತ್ತ ಸಾಗುವ ಅಲೆಗಳನ್ನು) ಅಮೆರಿಕದ ಲೈಗೊ ಮತ್ತು ಇಟಲಿಯ ವರ್ಗೊ ವೀಕ್ಷಣಾಲಯಗಳು ದಾಖಲಿಸಿದವು. ಅದೇ ಢಿಕ್ಕಿಯಿಂದ ಹೊರಟ ಗಾಮಾ ಕಿರಣಗಳನ್ನು ಫರ್ಮಿ ಉಪಗ್ರಹ 1.7 ಸೆಕೆಂಡಿನ ಬಳಿಕ ಕಂಡಿತು. ಢಿಕ್ಕಿಯಾದ ಮೇಲೆ ಗಾಮಾ ಕಿರಣಗಳು ಅಲ್ಲಿಂದ ಹೊರಬೀಳಲು ಸ್ವಲ್ಪ ಹೊತ್ತು ಬೇಕಾಗಿರಬಹುದೆಂಬುದನ್ನೂ ಗಣನೆಗೆ ತೆಗೆದುಕೊಂಡು ಲೆಕ್ಕ ಹಾಕಿದಾಗ, ಗುರುತ್ವದ ವೇಗವೂ ಬೆಳಕಿನ ವೇಗವೂ ಹತ್ತರ ಹದಿನೈದನೇ ಘಾತದಲ್ಲಿ (1ರ ಮುಂದೆ 15 ಸೊನ್ನೆಗಳಷ್ಟು ಭಾಗಗಳಲ್ಲಿ) ಕೆಲವೇ ಭಾಗಗಳಷ್ಟು ನಿಖರತೆಯಲ್ಲಿ ಒಂದೇ ಎಂದು ತಿಳಿಯಿತು.